ಕಂಪ್ಯೂಟರಿಗೆ ಹೊಲಿದ ಅಂಗಿ

ಸ್ವಿಚ್ಚು ಒತ್ತಿ ಎರಡು ಅಂಗಿಗೆ ಕಾಜಾ ಹೊಲಿದು ಮುಗಿಸಿದರೂ ಟೈಲರಮ್ಮನ ಮನೆಯ ಕಂಪ್ಯೂಟರು ಕಣ್ಣು ಬಿಡುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಬೈದು, ಬೆನ್ನು ತಟ್ಟಿ, ಹೇಗೋ ದಿನ ದೂಡುತ್ತಿರಬಹುದು. ಟೈಲರಮ್ಮನೂ ಹಾಗೇ ದೂಡಿದಳು. ಒಂದು ಬೆಳಿಗ್ಗೆ ಅದರೊಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು. ಆಮೇಲೆ ಅದೂ ನಿಂತಿತು.

ಅವಳು ಮತ್ತೆ ಮತ್ತೆ ಸ್ವಿಚ್ಚು ಒತ್ತಿದಳು, ಪೆಟ್ಟಿಗೆ ಏಳಲಿಲ್ಲ. ಅದರೊಳಗೆ ಅವಳ ಗಂಡನ ದನಿ ಇತ್ತು.

ಗಂಡ ಮೇಷ್ಟ್ರು. ಮೂವತ್ತು ವರ್ಷ ಪಾಠ ಹೇಳಿದ ಗಂಟಲಿಗೆ ಕ್ಯಾನ್ಸರ್ ಬಂದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಪರೇಷನ್ನಿಗೆ ಮುಂಚೆ ಹನ್ನೊಂದು ದಿನ ಅವರು ಫೋನಿನ ಮುಂದೆ ಕೂತು ಮಾತಾಡಿದ್ದರು. ಮಗ್ಗಿ ಹೇಳಿದ್ದರು, ಮಗಳನ್ನು ಮುದ್ದಿನ ಹೆಸರಿನಿಂದ ಕರೆದಿದ್ದರು, "ಎಲ್ಲಿಟ್ಟೆಯೇ ನನ್ನ ಕನ್ನಡಕ?" ಎಂದು ಹೆಂಡತಿಯನ್ನು ಸುಮ್ಮಸುಮ್ಮನೆ ಗದರಿದ್ದರು. ಟೈಲರಮ್ಮ ಅದೆಲ್ಲವನ್ನೂ ಕಂಪ್ಯೂಟರಿಗೆ ಹಾಕಿಸಿ ಫೋನಿನಿಂದ ಅಳಿಸಿಬಿಟ್ಟಳು. ಫೋನು ಎಲ್ಲಾದರೂ ಬಿದ್ದುಹೋಗುತ್ತದೆ, ಈ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ ಎಂದು ಅವಳ ಧೈರ್ಯ.

ಗಂಡ ಹೆಂಡತಿ ಇಬ್ಬರೂ ಪೆಟ್ಟಿಗೆಯನ್ನು ಹೊತ್ತುಕೊಂಡು ಬೀದಿ ಕೊನೆಯ ರಿಪೇರಿ ಅಂಗಡಿಗೆ ಹೋದರು. ಅಂಗಡಿಯ ಹುಡುಗಿ ಪೆಟ್ಟಿಗೆಯನ್ನು ನೋಡಿ ಬೆರಗಾದಳು.

"ಇದೇನಕ್ಕಾ ಇದು?"

"ಅಂಗಿ ಕಣಮ್ಮ. ಧೂಳು ಹೋಗ್ಬಾರ್ದು ಅಂತ ನಾನೇ ಅಳತೆ ತಗೊಂಡು ಹೊಲಿದೆ. ಒಳಗೆ ಹತ್ತಿ ತುಂಬಿ ಲೈನಿಂಗ್ ಕೊಟ್ಟಿದೀನಿ."

"ಕಂಪ್ಯೂಟರ್ ಓಡ್ವಾಗ್ಲೂ ಹಾಕಿರ್ತಿದ್ರಾ?"

"ಬಿಚ್ಚಿದ್ದೇ ಇಲ್ಲ."

ಹುಡುಗಿ ಅಂಗಿ ಬಿಚ್ಚಿ, ಪೆಟ್ಟಿಗೆ ತೆರೆದು ನೋಡಿ, ಹಿಂದಿನ ಕಿಂಡಿಗಳನ್ನು ತೋರಿಸಿದಳು. "ಬಿಸಿಗಾಳಿ ಹೊರಗೆ ಹೋಗೋದು ಇಲ್ಲಿಂದ ಅಕ್ಕಾ. ಇದನ್ನೇ ಮುಚ್ಚಿದ್ರೆ ಒಳಗೆಲ್ಲ ಬೇಯತ್ತೆ. ಮೊದಲೇ ಎಲ್ಲಾ ಉಳಿಸಿಡೋ ಡಿಸ್ಕು ತುಂಬಾ ಹಳೇದು. ಎಲ್ಲಿ ತಗೊಂಡ್ರಿ?"

"ಯಾರೋ ಆಫೀಸ್ ಖಾಲಿ ಮಾಡ್ತಿದ್ರು. ಫಳಫಳ ಹೊಳೀತಿತ್ತು, ಮುಂದೆ ಬಣ್ಣದ ದೀಪ ಬೇರೆ. ಬಟ್ಟೆ ನೋಡೋ ಹಾಗೆ ಮುಟ್ಟಿ ನೋಡಿ ತಂದೆ."

"ಬಿಲ್ಲು? ವಾರಂಟಿ?"

"ಕೇಳಲೇ ಇಲ್ಲ," ಎಂದಳು ಟೈಲರಮ್ಮ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುತ್ತಿದ್ದವಳು ಅವಳೇ.

ಡಿಸ್ಕನ್ನು ದೊಡ್ಡ ಊರಿನ ತಜ್ಞರಿಗೆ ಕಳಿಸಿದರು. ಹತ್ತು ದಿನ ಬಿಟ್ಟು ವಾಪಸು ಬಂತು. ಒಳಗಿನ ತಟ್ಟೆಯೇ ಗೀರಿಹೋಗಿದೆ, ಏನೂ ಸಿಗುವುದಿಲ್ಲ ಎಂದು ಚೀಟಿಯಲ್ಲಿ ಬರೆದಿತ್ತು. ಟೈಲರಮ್ಮ ಅಂಗಡಿಯ ಮೆಟ್ಟಿಲ ಮೇಲೆಯೇ ಕುಸಿದು ಕೂತು ಗೋಳೋ ಎಂದು ಅತ್ತಳು. ಮೇಷ್ಟ್ರ ತುಟಿ ಅಲುಗಿತು. ಸಮಾಧಾನ ಹೇಳಲು ದನಿ ಇರಲಿಲ್ಲ.

"ಇನ್ನು ಈ ಮನೆಗೆ ಕಂಪ್ಯೂಟರ್ ಬೇಡ," ಎಂದಳು ಅವಳು ಮನೆಗೆ ಬಂದ ಮೇಲೆ. "ಅದರಲ್ಲಿಡೋಕೆ ಏನುಳಿದಿದೆ ನಮ್ಮ ಹತ್ರ?"

ಮೇಷ್ಟ್ರು ಸ್ಲೇಟು ತೆಗೆದುಕೊಂಡು ಬರೆದರು: "ನಿನ್ನ ಹತ್ತಿರ ಮಾತಾಡಬೇಕು. ಇದರಲ್ಲಿ ಜಾಗ ಸಾಲುವುದಿಲ್ಲ."

ಮರುದಿನ ಅವಳೇ ಮತ್ತೆ ರಿಪೇರಿ ಅಂಗಡಿಗೆ ಹೋದಳು.

"ಈ ಸಲ ಏನು ನೋಡಿ ತಗೋಬೇಕು, ಹೇಳು ತಾಯಿ. ಇನ್ನು ನನ್ನ ಕಣ್ಣನ್ನ ನಾನು ನಂಬಲ್ಲ."

"ನಿಮಗೆ ಬೇಕಿರೋದು ಟೈಪ್ ಮಾಡೋಕೆ, ಫೋಟೋ ನೋಡೋಕೆ, ಮಗಳ ಹತ್ರ ವಿಡಿಯೋ ಕಾಲ್ ಮಾಡೋಕೆ, ಅಷ್ಟೇ ತಾನೇ? ಆಟ ಆಡೋರ ದುಬಾರಿ ಮೆಷಿನ್ ಬೇಡ. ಹಳೇ ತರದ ತಿರುಗೋ ಡಿಸ್ಕ್ ಬೇಡ, ತಿರುಗೋ ತಟ್ಟೆ ಇಲ್ಲದ ಎಸ್‌ಎಸ್‌ಡಿ ಇರ್ಲಿ, ಬೇಗ ಶುರುವಾಗತ್ತೆ. ಮೆಮೊರಿ ಎಂಟು ಜಿಬಿಗೆ ಕಮ್ಮಿ ಬೇಡ, ಹದಿನಾರು ಇದ್ರೆ ಇನ್ನೂ ನೆಮ್ಮದಿ. ಪ್ರೊಸೆಸರ್ ಈಚಿನದಾ ಅಂತ ಕೇಳಿ. ಕರೆಂಟ್ ಹೋದ್ರೆ ಕೆಲಸ ಹಾಳಾಗದ ಹಾಗೆ ಒಂದು ಯುಪಿಎಸ್. ಬಿಲ್ಲು, ವಾರಂಟಿ ಕೈಗೆ ಬರೋ ತನಕ ಅಂಗಡಿ ಬಿಟ್ಟು ಕದಲಬೇಡಿ. ಮೇಷ್ಟ್ರನ್ನೂ ಕರ್ಕೊಂಡು ಹೋಗಿ, ಅವರೇ ಕೀಬೋರ್ಡ್ ಒತ್ತಿ ನೋಡ್ಲಿ, ಪರದೆಯ ಅಕ್ಷರ ಓದಿ ನೋಡ್ಲಿ."

"ಎಸ್‌ಎಸ್‌ಡಿ ಕೆಡಲ್ವಾ?"

"ಕೆಡತ್ತೆ ಅಕ್ಕಾ. ಎಲ್ಲಾನೂ ಕೆಡತ್ತೆ. ಅದಕ್ಕೇ ಬೇಕಾದ್ದನ್ನ ಇನ್ನೊಂದು ಡಿಸ್ಕಲ್ಲೂ ಹಾಕಿ ಬೇರೆ ಕಡೆ ಇಡಿ. ಎರಡು ಕಡೆ ಇದ್ರೆ ಮಾತ್ರ ಇದೆ ಅಂದ್ಕೊಳ್ಳಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೊಸ ಕಂಪ್ಯೂಟರು ಬಂತು. ಮಿನುಗುವ ದೀಪವಿಲ್ಲದ ಸಾದಾ ಪೆಟ್ಟಿಗೆ, ಗೋಡೆಯಿಂದ ಒಂದು ಗೇಣು ದೂರ, ಮೈಮೇಲೆ ಏನೂ ಇಲ್ಲದೆ ಕೂತಿತು. ಸ್ವಿಚ್ಚು ಒತ್ತಿದ ಕೂಡಲೇ ಪರದೆ ಬೆಳಗಿತು. ಮೇಷ್ಟ್ರು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು. "ಅಳಬೇಡ ಕಣೇ," ಎಂದು ಮೂಡಿತು.

ಟೈಲರಮ್ಮ ಅದನ್ನು ಓದಿದಳು. ಆ "ಕಣೇ" ಎಂಬ ಮಾತನ್ನು ಅವರು ಹೇಗೆ ಎಳೆದು ಹೇಳುತ್ತಿದ್ದರೆಂದು ನೆನಪು ಮಾಡಿಕೊಳ್ಳಲು ನೋಡಿದಳು. ಸರಿಯಾಗಿ ನೆನಪಾಗಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕಂಪ್ಯೂಟರು ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ. ಯಾವ ಕೆಲಸಕ್ಕೆ ಬೇಕು ಎಂದು ಮೊದಲು ಯೋಚಿಸಿ, ಗೊತ್ತಿದ್ದವರನ್ನು ಕೇಳಿ, ಒಳಗೇನಿದೆ ಎಂದು ತಿಳಿದ ಮೇಲೆ ಕೊಳ್ಳಿ. ಅದಕ್ಕೆ ಗಾಳಿಯಾಡಲು ಬಿಡಿ. ನಿಮ್ಮ ಮನೆಯವರ ಫೋಟೋ, ದನಿ, ಕಾಗದಪತ್ರ ಒಂದೇ ಕಡೆ ಇದ್ದರೆ, ಈ ಹಾಳೆಯನ್ನು ಮಡಚಿಟ್ಟು ಈಗಲೇ ಎದ್ದು ಇನ್ನೊಂದು ಪ್ರತಿ ಮಾಡಿ. ಮೇಷ್ಟ್ರ ದನಿ ಇನ್ನು ಯಾರಿಗೂ ಕೇಳಿಸುವುದಿಲ್ಲ. ನಿಮ್ಮವರದು ಇನ್ನೂ ಇದೆ.