ಭರಮವ್ವನ ಕುಂಡ ತೊಳೆದದ್ದು

ಕುಂಡ ತೊಳೆಯುವುದೂ ಒಂದು ಕಥೆಯೇ ಎಂದು ಯಾರಾದರೂ ನಕ್ಕರೆ ತಪ್ಪಿಲ್ಲ. ಸರಿಯಾಗಿ ಹೇಳಲು ಬರುತ್ತದೋ ಇಲ್ಲವೋ ತಿಳಿಯದೆಯೇ ಹೇಳಹೊರಟಿದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು.

ಸವಣೂರಿನ ನೂರಜಹಾನಳ ಹಿತ್ತಲಲ್ಲಿ ಮಲ್ಲಿಗೆ ಗಿಡವೊಂದು ಸತ್ತುಹೋಗಿತ್ತು. ಪಕ್ಕದ ಮನೆಯ ಭರಮವ್ವ ಕೈಯಾರೆ ಬೇರು ಬರಿಸಿ, ತನ್ನದೇ ಮಣ್ಣಿನ ಕುಂಡದಲ್ಲಿ ನೆಟ್ಟು ಕೊಟ್ಟಿದ್ದ ಗಿಡ. ಮೊದಲು ಎಲೆ ಹಳದಿಯಾಯಿತು. ನೀರು ಸಾಲದೇನೋ ಎಂದು ನೂರಜಹಾನ ಇನ್ನಷ್ಟು ಸುರಿದಳು. ಬುಡವೇ ಕೊಳೆಯಿತು. ಪಕ್ಕದ ಕುಂಡದ ಗುಲಾಬಿಯೂ ಅದೇ ದಾರಿ ಹಿಡಿಯಿತು.

"ಆ ಮಣ್ಣು ದೂರ ಚೆಲ್ರಿ. ಕುಂಡ ತಿಕ್ಕಿ ತೊಳದು, ಬ್ಲೀಚಿಂಗ್ ಪೌಡರ್ ನೀರಾಗ ನೆನಸಿ, ಬಿಸಲಿಗೆ ಒಣಗಸ್ರಿ. ಇಲ್ಲಾಂದ್ರ ಮುಂದಿನ ಗಿಡಕ್ಕೂ ರೋಗ ಹತ್ತತೈತಿ" ಎಂದಿದ್ದ ನರ್ಸರಿಯವನು.

ಗಿಡ ಸತ್ತದ್ದನ್ನು ಭರಮವ್ವನಿಗೆ ಹೇಳಲು ಮಾತ್ರ ನೂರಜಹಾನಳಿಗೆ ಬಾಯಿ ಬರಲಿಲ್ಲ. ಕುಂಡ ಶುದ್ಧಮಾಡಿ ಹಿಂದಿರುಗಿಸುವಾಗ ಹೇಳಿದರಾಯಿತು ಎಂದುಕೊಂಡು ನೂರಜಹಾನ ಸತ್ತ ಗಿಡವನ್ನು ಗೋಣಿಚೀಲದಡಿ ಮುಚ್ಚಿಟ್ಟಳು. ಪುಡಿಯ ಘಾಟಿಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ತೆಂಗಿನ ನಾರಿನಿಂದ ಕುಂಡ ತಿಕ್ಕತೊಡಗಿದಳು.

ಕರಿಬೇವು ಕೇಳಲು ಬಂದ ಭರಮವ್ವ ಹಿತ್ತಲ ಬಾಗಿಲಲ್ಲೇ ನಿಂತಳು.

"ಅದು ನನ್ನ ಕುಂಡ ಅಲ್ಲೇನು?"

"ಹೌದ್ರಿ ಅಕ್ಕಾ."

"ಮೂಗು ಕಟ್ಕೊಂಡು ತಿಕ್ಕಾಕತ್ತೀಯಲ್ಲ."

ನೂರಜಹಾನ ಮೂಗಿನ ಬಟ್ಟೆಯನ್ನು ಕೆಳಗೆಳೆದಳು.

"ಸಣ್ಣಾಕಿದ್ದಾಗ ಕಳೆ ತಗ್ಯಾಕ ಹೋಗತಿದ್ದೆ. ನಮ್ಮ ಕೇರಿಯವರು ಮುಟ್ಟಿದ ತಂಬಿಗಿ ಹೊಲದವರ ಮನ್ಯಾಗ ಹಿಂಗ ತಿಕ್ಕತಿದ್ರು" ಎಂದಳು ಭರಮವ್ವ, ದನಿ ಏರಿಸದೆ. "ನಿನ್ನ ಮನ್ಯಾಗ ನೋಡತೇನಿ ಅಂದ್ಕೊಂಡಿದ್ದಿಲ್ಲ ಬಿಡು."

ಎಷ್ಟು ಹಬ್ಬಗಳ ಸುರಕುಂಬಾ ಪಾಯಸ ಆ ಮನೆಗೆ ಹೋಗಿತ್ತು, ಎಷ್ಟು ಹೋಳಿಗೆ ಈ ಮನೆಗೆ ಬಂದಿತ್ತು. ನೂರಜಹಾನ ಎದ್ದು ಓಡಿ ಅವಳ ತೋಳಿಗೆ ಕೈ ಚಾಚಿದಳು. ಚಾಚಿದವಳೇ, ಬ್ಲೀಚಿಂಗ್ ನೀರು ತಾಗಿ ಸೀರೆಯ ಬಣ್ಣ ಹೋದೀತೆಂದು ಸರಕ್ಕನೆ ಹಿಂದೆಗೆದಳು. ಹಿಂದೆಗೆದದ್ದು ಹೇಗೆ ಕಂಡಿತೆಂಬುದು ಭರಮವ್ವನ ಮುಖ ನೋಡಿದ ಮೇಲೆ ಹೊಳೆಯಿತು. ಆಗ ಸೀರೆಯ ಗೊಡವೆ ಬಿಟ್ಟು, ಒದ್ದೆ ಕೈಯಿಂದಲೇ ಅವಳ ಸೆರಗು ಹಿಡಿದು ಗೋಣಿಚೀಲದ ತನಕ ಎಳೆದು ತಂದಳು.

"ಗಿಡಾ ಸತ್ತೈತ್ರಿ ಅಕ್ಕಾ. ನೀರು ಹಾಕಿ ಹಾಕಿ ನಾನ ಕೊಂದೇನಿ. ಹೇಳಾಕ ಅಂಜಿಕಿ ಬಂತು. ಕುಂಡಕ್ಕ ರೋಗ ಹತ್ತೈತಿ, ಹಂಗ ಕೊಟ್ರ ನಿಮ್ಮ ಗಿಡಾನೂ ಸಾಯತಾವು ಅಂತ ತಿಕ್ಕಾಕತ್ತಿದ್ದೆ."

ಭರಮವ್ವ ಕಪ್ಪಗಾದ ಬೇರು ಹಿಡಿದು ಮೂಸಿ ನೋಡಿದಳು. ಬೇರನ್ನು ಕೆಳಗೆ ಹಾಕಿ ಕೈ ಒರೆಸಿಕೊಂಡಳು.

"ಹುಚ್ಚಿ" ಎಂದಳು ಕಡೆಗೆ. "ಗಿಡಾ ಸತ್ರ ಇನ್ನೊಂದು ಟೊಂಗಿ ಊರಬಹುದು. ಈ ಸೀರಿಗೆ ಏನ್ ಮಾಡ್ತಿ ಈಗ?"

ಸೆರಗಿನ ಮೇಲೆ ಐದು ಬೆರಳು ಬೆಳ್ಳಗೆ ಮೂಡುತ್ತಿದ್ದವು.

"ಹೊಸಾದು ಕೊಡಸ್ತೇನ್ರಿ."

"ಕೊಡಸ್ತಾಳಂತ, ಸಾವ್ಕಾರ್ತಿ. ಸರಿ ಅತ್ತಾಗ. ಕುಂಡದ ಅಂಚಿನ ಕೆಳಗ ಬಿಳೀ ಪದರ ಹಂಗ ಐತಿ. ತಿಕ್ಕಾಕೂ ಬರಂಗಿಲ್ಲ ನಿನಗ."

ಸೆರಗು ಸಿಕ್ಕಿಸಿಕೊಂಡು ಅವಳೇ ಕುಳಿತಳು. ಒಬ್ಬಳು ತಿಕ್ಕಿದಳು, ಒಬ್ಬಳು ನೀರು ಹನಿಸಿದಳು. ನೆನೆಸಿ ತೆಗೆದ ಎರಡೂ ಕುಂಡಗಳನ್ನು ಬಿಸಿಲಿಗೆ ಬೋರಲು ಹಾಕಿದರು.

ಇನ್ನು ಊರಬೇಕಾದ ಹೊಸ ಟೊಂಗೆ ಚಿಗುರುತ್ತದೋ ಇಲ್ಲವೋ ಹೇಳಲಾಗದು. ಬಾಗಿಲಲ್ಲಿ ನಿಂತ ಆ ಗಳಿಗೆಯಲ್ಲಿ ಭರಮವ್ವನೊಳಗೆ ಎದ್ದ ಹಳೆಯ ನೋವು ಪೂರ್ತಿ ಇಳಿಯಿತೇ? ನೂರಜಹಾನ ಕೇಳಲಿಲ್ಲ, ಭರಮವ್ವ ಹೇಳಲಿಲ್ಲ. ಅದು ಗೊತ್ತಿಲ್ಲ.