ತಕ್ಕಡಿ ಭಾವ ಹಣ ವಾಪಸ್ ತಂದದ್ದು

ಭಾವ ಟಿಕೆಟ್ ಕಿಟಕಿಯಿಂದ ನಗುತ್ತಾ ಬಂದರು. ಜೇಬು ತಟ್ಟಿ, “ತಗೊಂಡೆ! ಮೂರೂ ಜನದ್ದು, ಒಂದು ಪೈಸೆ ಮುರಿಯದೆ ಪೂರ್ತಿ ವಾಪಸ್!” ಎಂದರು.

ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ದನಿ ಬಂದ ಕಡೆಗೆ ಮುಖ ತಿರುಗಿಸಿ, “ಟಿಕೆಟ್ ಎಲ್ಲಿ, ರೀ?” ಎಂದು ಕೇಳಿದಳು.

“ಟಿಕೆಟ್ ಯಾಕೆ? ಕೊಟ್ಟೆ. ಅದನ್ನ ಇಟ್ಕೊಂಡು ಪೂಜೆ ಮಾಡ್ಬೇಕಾ?”

ಮುಂದಿನ ಸೇತುವೆಯಲ್ಲಿ ಬಿರುಕು ಕಂಡಿದೆ ಎಂದು ನಮ್ಮ ರೈಲನ್ನು ಬೆಳಿಗ್ಗೆ ಈ ಪುಟ್ಟ ನಿಲ್ದಾಣದಲ್ಲಿ ನಿಲ್ಲಿಸಿದ್ದರು. ಸುತ್ತ ಹೊಲ ಬಿಟ್ಟರೆ ಏನಿಲ್ಲ. ಹೊರಗೆ ಗೋಡೆಗೆ ಒರಗಿಸಿಟ್ಟ ಒಂದು ಸೈಕಲ್, ಅದೂ ನಿಲ್ದಾಣದ ಕಾವಲುಗಾರನದು. ನಮಗಾದರೋ ಸಂಜೆಯೊಳಗೆ ದೊಡ್ಡಾಸ್ಪತ್ರೆ ಸೇರಬೇಕಿತ್ತು. ಅಕ್ಕನ ಕಣ್ಣಿನ ಕರಿಗುಡ್ಡೆಯ ಮೇಲೆ ಹಾಲಿನ ಕೆನೆಯಂಥ ಬಿಳಿ ಕಲೆ ಕವಿದು ವರ್ಷಗಳೇ ಆಗಿದ್ದವು. ಯಾರೋ ಪುಣ್ಯಾತ್ಮರು ತೀರಿಕೊಂಡಾಗ ಕೊಟ್ಟ ಕಣ್ಣು ಬಂದಿದೆ, ಸಂಜೆಯೊಳಗೆ ಬಂದರೆ ನಿಮ್ಮದು, ಇಲ್ಲವಾದರೆ ಸಾಲಿನಲ್ಲಿ ಮುಂದಿರುವವರದು ಎಂದು ಹಿಂದಿನ ದಿನ ಫೋನ್ ಬಂದಿತ್ತು. ಅಷ್ಟು ಕಾದ ಮೇಲೆ ಬಂದ ಫೋನ್ ಅದು.

ಭಾವನ ಕಸುಬು ಅಂಗಡಿಗಳ ತಕ್ಕಡಿ ರಿಪೇರಿ. ಹೆಸರಿಟ್ಟು ಕರೆಯುವವರೇ ಇಲ್ಲ, ಎಲ್ಲರಿಗೂ ಅವರು ತಕ್ಕಡಿ. ಒಂದು ತಟ್ಟೆ ಇಳಿದರೆ ಇನ್ನೊಂದಕ್ಕೆ ಆ ಕ್ಷಣವೇ ಕಲ್ಲು ಹಾಕಬೇಕು, ನಾಳೆ ಎಂದರೆ ಮೋಸ ಎನ್ನುವುದು ಅವರ ಮಾತು. ತೂಕದಲ್ಲಿ ನೂಲೆಳೆಯಷ್ಟು ವ್ಯತ್ಯಾಸ ಬಂದರೂ ರಾತ್ರಿ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮನೆಯಲ್ಲೂ ಅಷ್ಟೆ. ಟಿಕೆಟ್ಟು, ಬೀಗದ ಕೈ, ಆಸ್ಪತ್ರೆಯ ಕಾಗದ ಎಲ್ಲವೂ ಅವರ ಜೇಬಿನಲ್ಲಿ. ಅಕ್ಕನ ಕೈ ಅವರ ಮೊಣಕೈಯಲ್ಲಿ.

ರೈಲು ಹೋಗುವುದಿಲ್ಲ ಎಂದು ಕೂಗಿದ ಕೂಡಲೇ ಭಾವ ಟಿಕೆಟ್ ಕಿಟಕಿಗೆ ಓಡಿದ್ದರು. ತಡವಾದರೆ ಹಣ ಕೇಳುವುದು ಪ್ರಯಾಣಿಕರ ಹಕ್ಕು ಎಂದು ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು, ಸಾಲದೆ? ತಡವಾದದ್ದಕ್ಕೆ ಹಣವೂ ಬಂತು, ಇನ್ನು ರೈಲಿನವರು ಹೇಗೋ ಮುಂದಕ್ಕೂ ಕರೆದುಕೊಂಡು ಹೋಗುತ್ತಾರೆ ಎಂದು ಅವರ ಎಣಿಕೆ.

ಅಷ್ಟರಲ್ಲಿ ನಿಲ್ದಾಣದ ಹಿಂದಿನಿಂದ ಹಾರ್ನ್ ಕೇಳಿಸಿತು. ರೈಲಿನವರೇ ಕಳಿಸಿದ ಬಸ್ಸು. ಸುತ್ತು ದಾರಿಯಲ್ಲಿ ಆಸ್ಪತ್ರೆಯಿರುವ ಊರು ಮುಟ್ಟಿಸುತ್ತದಂತೆ. ಖಾಕಿ ಅಂಗಿಯ ನೌಕರನೊಬ್ಬ ಬಾಗಿಲಲ್ಲಿ ನಿಂತು, “ಟಿಕೆಟ್ ತೋರಿಸಿ ಹತ್ತಿ, ಟಿಕೆಟ್ ತೋರಿಸಿ!” ಎಂದು ಕೂಗುತ್ತಿದ್ದ.

ನನಗೆ ಆಗಲೇ ಹೊಳೆಯಿತು. ಭಾವನಿಗೆ ಇನ್ನೂ ಅರ್ಥವಾಗಿರಲಿಲ್ಲ. ಅಕ್ಕನನ್ನು ನಡೆಸಿಕೊಂಡು ನೇರ ಬಾಗಿಲಿಗೆ ಹೋದರು.

“ಟಿಕೆಟ್?”

“ಕೊಟ್ಟಾಯ್ತಲ್ಲಪ್ಪ, ಕಿಟಕಿಯಲ್ಲಿ.”

“ಹಣ ತಗೊಂಡ್ರಾ? ಹಾಗಾದ್ರೆ ನಿಮ್ಮ ಪ್ರಯಾಣ ಮುಗೀತು. ಪಕ್ಕಕ್ಕೆ ನಿಲ್ಲಿ.”

ಭಾವ ನಿಂತಲ್ಲೇ ನಿಂತರು. ಮುಖ ಸುಣ್ಣ ಬಳಿದ ಗೋಡೆಯಾಯಿತು. ಆಮೇಲೆ ಕಿಟಕಿಗೆ ಓಡಿದರು, ನಾನು ಅವರ ಹಿಂದೆ.

“ಏನ್ರೀ ಇದು? ತಡ ಆದದ್ದಕ್ಕೆ ಕೊಟ್ಟ ಹಣ ತಾನೆ?”

ಕಿಟಕಿಯವನು ಕನ್ನಡಕ ಮೇಲೇರಿಸಿದ. “ಅಲ್ಲ ಸ್ವಾಮಿ. ಇದು ಟಿಕೆಟ್ ರದ್ದು ಮಾಡಿದ ಹಣ. ಮುಂದಕ್ಕೆ ಹೋಗೋರು ಟಿಕೆಟ್ ಇಟ್ಕೋಬೇಕು. ತಡ ಆಗಿದ್ದಕ್ಕೆ ಪರಿಹಾರ ಬೇರೆ. ಅದನ್ನ ಊರು ಸೇರಿದ ಮೇಲೆ ಅದೇ ಟಿಕೆಟ್ ತೋರಿಸಿ ಕೇಳ್ಬೇಕು.”

“ಮೊದ್ಲೇ ಹೇಳೋದಲ್ವಾ!”

“ಹೇಳೋಕೆ ಬಿಟ್ರಾ? ಕಿಟಕಿ ಒಳಗೆ ತಲೆ ತೂರಿಸಿ ‘ನನ್ನ ಹಕ್ಕು, ಈಗ್ಲೇ ಕೊಡಿ’ ಅಂತ ಮೇಜು ಗುದ್ದಿದ್ರಲ್ಲ. ಎರಡು ಸಲ ‘ರದ್ದು ಮಾಡ್ಲಾ’ ಅಂತ ಕೇಳಿದೆ. ‘ಮಾಡಯ್ಯ ಬೇಗ’ ಅಂದ್ರಿ.”

ಭಾವ ನೋಟುಗಳನ್ನು ತೆಗೆದು ಒಳಗೆ ತಳ್ಳಿದರು. “ತಗೋ. ಎಲ್ಲಾ ತಗೋ. ಟಿಕೆಟ್ ಕೊಡು.”

“ರದ್ದಾದದ್ದಕ್ಕೆ ಜೀವ ಬರಲ್ಲ. ಬಸ್ಸಿಗೆ ಹೊಸ ಟಿಕೆಟ್ ಮಾರೋ ಹಾಗೂ ಇಲ್ಲ. ಮುಂದಕ್ಕೆ ಹೋಗೋ ರೈಲು ಇನ್ನು ನಾಳೆ.”

ನಾಳೆ. ನಾಳೆಗೆ ಆ ಕಣ್ಣು ಬೇರೆಯವರದು. ಇಷ್ಟು ವರ್ಷ ಎಲ್ಲರ ತೂಕ ಸರಿಮಾಡಿದ ಮನುಷ್ಯ, ಕಿಟಕಿಯವನು ಹಿಂದಕ್ಕೆ ತಳ್ಳಿದ ಹಣವನ್ನು ಮತ್ತೆ ಕೈಯಲ್ಲಿ ಹಿಡಿದು, ಹೊಡೆಸಿಕೊಂಡ ಮಗುವಿನಂತೆ ನನ್ನ ಮುಖ ನೋಡಿದರು. ಬೈಯಬೇಕೆಂದಿದ್ದೆ. ಬದಲಿಗೆ ತೋಳು ಹಿಡಿದು ಬಸ್ಸಿನ ಕಡೆ ತಿರುಗಿಸಿದೆ.

ನಾವು ಬಸ್ಸಿನ ಹತ್ತಿರ ಮರಳಿದಾಗ ಅಕ್ಕ ಅಲ್ಲಿ ಒಬ್ಬಳೇ ಇರಲಿಲ್ಲ. ರೈಲಿನಲ್ಲಿ ನಮ್ಮೆದುರಿಗೆ ಕೂತಿದ್ದ ಹೊಲಿಗೆಯಾಕೆ ಜೊತೆಗಿದ್ದಳು. ಅವಳ ಒಂದೇ ಟಿಕೆಟ್ಟಿನಲ್ಲಿ ಅವಳು, ಇಬ್ಬರು ಹೆಣ್ಣುಮಕ್ಕಳು, ಅತ್ತೆ, ಹೀಗೆ ನಾಲ್ವರು. ದಾರಿಯುದ್ದಕ್ಕೂ ಸೊಸೆಯನ್ನು ಕುಟುಕುತ್ತಾ ಬಂದ ಆ ಅತ್ತೆ, ಬಸ್ಸೆಂದರೆ ವಾಂತಿ, ನಾನು ಹತ್ತುವುದಿಲ್ಲ ಎಂದು ಹಟ ಹಿಡಿದು, ಮನೆ ಕಡೆಗೆ ಹಿಂದಿರುಗುತ್ತಿದ್ದ ಅದೇ ರೈಲು ಹತ್ತಿಬಿಟ್ಟಿದ್ದರು.

ಹೊಲಿಗೆಯಾಕೆ ಖಾಕಿಯವನಿಗೆ ಹೇಳುತ್ತಿದ್ದಳು: “ನಾಲ್ಕು ಜನದ ಟಿಕೆಟ್ಟು. ನಾಲ್ಕು ತಲೆ ಲೆಕ್ಕ ಹಾಕಿಕೊಳ್ಳಿ. ನಾಲ್ಕನೇದು ಇವರು. ನಮ್ಮತ್ತೆಗಿಂತ ಇವರ ಬಾಯಿ ಎಷ್ಟೋ ವಾಸಿ.”

ಖಾಕಿಯವನು ಅಕ್ಕನ ಕಣ್ಣು ನೋಡಿದ. ಟಿಕೆಟ್ಟು ನೋಡಲಿಲ್ಲ. “ಹತ್ತಿ. ಒಬ್ಬರೇ.”

“ಒಬ್ಬಳೇನಾ? ಅವಳು ಅಂಗಳಕ್ಕೂ ಒಬ್ಬಳೇ ಇಳಿದವಳಲ್ಲ!” ಎಂದು ಭಾವ ಅಕ್ಕನ ಕೈ ಹಿಡಿದರು.

ಅಕ್ಕ ಕೈ ಬಿಡಿಸಿಕೊಂಡಳು. ಮೆಲ್ಲಗೆ, ಆದರೆ ಬಿಡಿಸಿಕೊಂಡಳು. “ಆಸ್ಪತ್ರೆ ಕಾಗದ ಕೊಡಿ.”

ಭಾವ ಕಾಗದ ಕೊಟ್ಟರು. ಅದರ ಜೊತೆಗೆ ನೋಟುಗಳನ್ನೂ ಅವಳ ಮುಷ್ಟಿಗೆ ತುರುಕಲು ಹೋದರು. ಮುಟ್ಟಿದ ಕೂಡಲೇ ಅವಳಿಗೆ ತಿಳಿಯಿತು. “ಅದು ನಿಮ್ಮ ಹತ್ರಾನೇ ಇರ್ಲಿ. ಪೂರ್ತಿ ಇದ್ಯಾ ತೂಗಿ ನೋಡಿ.”

ಹೊಲಿಗೆಯಾಕೆಯ ಭುಜ ಹಿಡಿದು ಮೆಟ್ಟಿಲು ಹತ್ತಿದಳು. ಎರಡನೆಯ ಮೆಟ್ಟಿಲಲ್ಲಿ ಎಡವಿದಳು. ಭಾವ ಹಾ ಎಂದು ಕೈ ಚಾಚುವಷ್ಟರಲ್ಲಿ ಬಾಗಿಲು ಮುಚ್ಚಿತು.

ಆ ದಿನವಿಡೀ ನಾವಿಬ್ಬರೂ ಅದೇ ಬೆಂಚಿನ ಮೇಲೆ ಕೂತೆವು. ಭಾವ ನೀರು ಸಹ ಮುಟ್ಟಲಿಲ್ಲ. ಒಂದು ಮೊಣಕೈಯನ್ನು ಸ್ವಲ್ಪ ಹೊರಗೆ ಚಾಚಿಯೇ ಕೂತಿದ್ದರು, ಅಭ್ಯಾಸ.

ಹೊತ್ತು ಇಳಿಯುವಾಗ ನನ್ನ ಫೋನು ಹೊಡೆದುಕೊಂಡಿತು. ಆಸ್ಪತ್ರೆಯ ನರ್ಸಮ್ಮ. ಭಾವನಿಗೂ ಕೇಳಲಿ ಎಂದು ದನಿ ಜೋರು ಮಾಡಿದೆ.

“ಬಂದು ಸೇರಿದ್ರು. ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗಿದ್ದಾರೆ.”

ಭಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ತಟ್ಟನೆ ಏನೋ ನೆನಪಾಗಿ ಎದ್ದು ನಿಂತರು. “ಅಯ್ಯೋ, ಒಪ್ಪಿಗೆ ಕಾಗದಕ್ಕೆ ಸಹಿ? ನಾನಿಲ್ದೆ ಯಾರು ಹಾಕಿದ್ರು?”

“ಅವರೇ ಹಾಕಿದ್ರಲ್ಲ. ಎಲ್ಲಿ ಅಂತ ಬೆರಳಿಟ್ಟು ತೋರಿಸಿದ್ವಿ. ಮುತ್ತಿನಂಥ ಅಕ್ಷರ.”

ಫೋನು ಇಟ್ಟ ಮೇಲೂ ಭಾವ ನಿಂತೇ ಇದ್ದರು. ಇಷ್ಟು ವರ್ಷ ಮನೆಗೆ ಬಂದ ಪ್ರತಿ ಕಾಗದಕ್ಕೂ ಅವರೇ ಸಹಿ ಹಾಕಿದವರು.

“ಅವಳಿಗೆ ಸಹಿ ಬರುತ್ತಾ?” ಎಂದರು.

“ಬರುತ್ತೆ ಭಾವ. ಮದುವೆಗೆ ಮುಂಚಿಂದಾನೂ ಬರುತ್ತೆ.”

“ಮತ್ತೆ ನನಗೆ ಹೇಳೇ ಇಲ್ಲ?”

ಅದಕ್ಕೆ ಉತ್ತರ ಕಿಟಕಿಯವನು ಆಗಲೇ ಹೇಳಿಯಾಗಿತ್ತು: ‘ಹೇಳೋಕೆ ಬಿಟ್ರಾ?’