ಹಮ್ಮೀರ ಕಾದ ಬಾಗಿಲು

ನಮ್ಮ ಮನೆಯ ಮುಂಬಾಗಿಲಿನ ಚೌಕಟ್ಟಿನಲ್ಲಿ, ಮೊಣಕಾಲಿನ ಎತ್ತರಕ್ಕೆ, ಸಾಲಾಗಿ ತಗ್ಗುಗಳಿದ್ದವು. ಅಲ್ಲಿ ಬಣ್ಣ ಎದ್ದು ಒಳಗಿನ ಮರ ಕಾಣುತ್ತಿತ್ತು. ನೋಡಿದವರು ನಾಯಿ ಕಡಿದದ್ದು ಎಂದುಕೊಳ್ಳುತ್ತಿದ್ದರು. ನಾನೂ ಹೌದೆನ್ನುತ್ತಿದ್ದೆ.

ನಾಯಿಯ ಹೆಸರು ಹಮ್ಮೀರ. ಕಂದು ಮೈ, ಅಗಲವಾದ ಎದೆ. ಅಂಗೈಯಷ್ಟು ಮರಿಯಾಗಿದ್ದಾಗ ನನ್ನ ಗಂಡ ಅದನ್ನು ತಂದು ತಾವೇ ಪಳಗಿಸಿದ್ದರು. ಅವರು ಸ್ನಾನದ ಮನೆಯಲ್ಲಿ ಕುಸಿದು ತೀರಿಕೊಂಡ ದಿನದಿಂದ ಅದು ಹೊಸ್ತಿಲಿಗೆ ಗಲ್ಲ ಊರಿ ಮಲಗಿಬಿಟ್ಟಿತು. ಹೆಣ ನೋಡಲು ಬಂದವರು ಅದನ್ನು ದಾಟಿಕೊಂಡೇ ಒಳಗೆ ಬಂದರು, ಹೊರಗೆ ಹೋದರು. ಅದು ಕಣ್ಣೆತ್ತಲಿಲ್ಲ.

"ಯಜಮಾನರು ಹೋದ್ರು, ಇನ್ನು ಅಮ್ಮನ್ನ ಕಾಯ್ತಾ ಇದೆ ನೋಡಿ" ಎಂದು ಬೀದಿಯ ಹೆಂಗಸರು ಕಣ್ಣೊರೆಸಿಕೊಂಡರು.

ತಿಥಿ ಮುಗಿದ ಮರುದಿನ ಅಕ್ಕ ನನ್ನನ್ನು ತನ್ನ ಮನೆಗೆ ಕರೆದೊಯ್ಯಲು ನಿಂತಳು. ನಾನು ಹೊಸ್ತಿಲ ಹತ್ತಿರ ಬಂದು ತಡೆದು ನಿಂತೆ.

"ಬಾರೇ. ಈ ಮನೇಲಿ ಒಬ್ಬಳೇ ಕೂತು ಗೋಡೆ ಎಣಿಸ್ತೀಯಾ?" ಎಂದು ಅವಳು ಕೈ ಹಿಡಿದು ಎಳೆದಳು.

ನನ್ನ ಬಲಗಾಲು ಆಚೆ ಬಿತ್ತು. ಹಮ್ಮೀರ ಬೊಗಳಲಿಲ್ಲ. ಅದು ಎದ್ದದ್ದನ್ನೂ ನಾನು ಕಾಣಲಿಲ್ಲ. ಅಕ್ಕನ ಮುಂಗೈ ಅದರ ಬಾಯಲ್ಲಿತ್ತು. ಒದ್ದೆ ಬಟ್ಟೆಯನ್ನು ಕೊಡವುವ ಹಾಗೆ ಅದು ತಲೆ ಕೊಡವುತ್ತಿತ್ತು. ಗಾಜಿನ ಬಳೆಗಳು ಒಡೆದು ಮಾಂಸದೊಳಗೆ ಹೋದವು. ನಾನು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ. ಎಳೆದುಕೊಂಡೊಡನೆ ಅದು ಬಿಟ್ಟಿತು. ಮೂತಿಯ ಮೇಲಿನ ರಕ್ತ ನೆಕ್ಕುತ್ತ ಮತ್ತೆ ಹೊಸ್ತಿಲಿಗೆ ಗಲ್ಲ ಊರಿತು.

ಅಕ್ಕನ ಕೈಗೆ ಹೊಲಿಗೆ ಹಾಕಿಸಿ ಅವಳನ್ನು ಕರೆತಂದ ಭಾವ, ನನ್ನ ಗಂಡನ ಅಣ್ಣ, ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು. "ದನದ ಡಾಕ್ಟರಿಗೆ ಹೇಳಿ ಬಂದಿದ್ದೀನಿ. ಒಂದು ಇಂಜೆಕ್ಷನ್, ನಾಯಿ ಕಥೆ ಮುಗೀತು."

"ನಾನು ಎಳೆದೆ ಅಂತ ಕಚ್ತು ಭಾವ. ಇವಳಿಗೇನೋ ಮಾಡ್ತಾರೆ ಅಂದ್ಕೊಂತು ಪಾಪ" ಎಂದಳು ಅಕ್ಕ. "ಪಳಗಿಸೋರು ಯಾರಾದ್ರೂ ಇದ್ದರೆ ಕರೆಸಿ."

"ಅವರನ್ನ ಕರೆಸೋದು ಯಾವಾಗ? ಮರಿ ಇದ್ದಾಗ. ಕೋಣದ ಹಾಗೆ ಬೆಳೆದ ಮೇಲಲ್ಲ." ಅವರು ನನ್ನ ಕಡೆ ತಿರುಗಿದರು. "ನೀನು ಓದಿದವಳು. ನೀನೇ ಹೇಳಮ್ಮ."

"ಕರೆಸಿ" ಎಂದೆ.

"ಸರಿ, ನಾಳೆ ಬರಲಿ. ಅವನ ಕೈಲಿ ಆಗಲಿಲ್ಲ ಅಂದ್ರೆ ನಾಳಿದ್ದು ಇಂಜೆಕ್ಷನ್."

ಬಂದವರು ದಸ್ತಗೀರ್. ಒಂದು ತೋಳಿಗೆ ದಪ್ಪ ಚರ್ಮದ ಪಟ್ಟಿ ಸುತ್ತಿಕೊಂಡಿದ್ದರು, ಬಾಯಲ್ಲಿ ಎಲೆಅಡಿಕೆ. "ಎಲ್ಲರೂ ಕಚ್ಚಿದ ಮೇಲೇ ನನ್ನನ್ನ ಕರೆಯೋದು ಸ್ವಾಮಿ. ಮಗು ಹುಟ್ಟಿದ ಮೇಲೆ ಹೆಣ್ಣು ನೋಡೋಕೆ ಹೋದ ಹಾಗೆ" ಎಂದು ನಕ್ಕರು. ಯಾರೂ ನಗಲಿಲ್ಲ.

ಕೂರು ಎಂದರೆ ಹಮ್ಮೀರ ಕೂತಿತು. ಏಳು ಎಂದರೆ ಎದ್ದಿತು. ಬಾಯೊಳಗೆ ಬೆರಳಿಟ್ಟರೂ ಸುಮ್ಮನಿತ್ತು.

"ಇದಕ್ಕೆ ನಾನು ಕಲಿಸೋದು ಏನೂ ಉಳಿದಿಲ್ಲವಲ್ಲ" ಎಂದರು ದಸ್ತಗೀರ್. "ಮುಂಚೆ ಯಾರನ್ನಾದ್ರೂ ಕಚ್ಚಿತ್ತಾ?"

"ಇಲ್ಲಪ್ಪ, ಇದೇ ಮೊದಲು" ಎಂದರು ಭಾವ.

ನಾನು ಸೀರೆಯ ನೆರಿಗೆ ಸರಿಮಾಡಿಕೊಂಡೆ.

"ತಾಯಿ, ನೀವೊಂದು ಸಲ ಹೊರಗೆ ಬನ್ನಿ. ಏನು ಮಾಡುತ್ತೆ ನೋಡೋಣ." ನಾನು ಕದಲಲಿಲ್ಲ. "ನಾನಿದ್ದೀನಲ್ಲ, ಬನ್ನಿ" ಎಂದು ಅವರು ಚರ್ಮ ಸುತ್ತದ ಕೈಯನ್ನೇ ಚಾಚಿ ನನ್ನ ತೋಳು ಹಿಡಿದರು. ನನ್ನ ಕಾಲು ಹೊಸ್ತಿಲು ದಾಟಿತು.

ಹಮ್ಮೀರ ಅವರ ಮೊಣಕೈ ಹಿಡಿಯಿತು. ದಸ್ತಗೀರ್ ಬಿದ್ದರು, ಬೀಳುವಾಗ ನನ್ನನ್ನೂ ಹೊರಗೆಳೆದುಕೊಂಡರು. ಮೂಳೆಗೆ ಹಲ್ಲು ತಾಗಿದ ಸದ್ದು ನನಗೆ ಕೇಳಿಸಿತು. ಭಾವ ಅಂಗಳದ ಮೂಲೆಯಿಂದ ಹಾರೆ ತಂದು ಅದರ ಪಕ್ಕೆಗೆ ಹೊಡೆದರು. ಒಣ ಕೊಂಬೆ ಮುರಿದಂತಾಯಿತು. ಅದು ಬಿಡಲಿಲ್ಲ. ಅವರು ಹಾರೆಯನ್ನು ತಲೆಬುರುಡೆಗೆ ನೇರವಾಗಿ ಎತ್ತಿದರು. ಹಮ್ಮೀರ ಅವರನ್ನು ನೋಡುತ್ತಿರಲಿಲ್ಲ. ಹಿಡಿದ ಕೈಯನ್ನು ಬಿಡದೆ ನನ್ನನ್ನೇ ನೋಡುತ್ತಿತ್ತು.

ನಾನು ಒಳಗೆ ನುಗ್ಗಿದೆ. ಹಾರೆಯ ಏಟು ತಿಂದ ಅದು ಈ ಸಲ ಬಿಡಲಿಲ್ಲ. ಬಾಗಿಲ ಹಿಂದಿನ ಮೊಳೆಯಿಂದ ಗಂಡನ ಬೆತ್ತ ತೆಗೆದೆ. ನನ್ನ ಗಂಡ ಹೊಡೆಯುತ್ತಿದ್ದ ಜಾಗಕ್ಕೇ, ಅವರು ಹೊಡೆಯುತ್ತಿದ್ದಷ್ಟೇ ಜೋರಾಗಿ, ಚೌಕಟ್ಟಿಗೆ ಹೊಡೆದೆ.

ಹಮ್ಮೀರ ಬಾಯಿ ಬಿಟ್ಟಿತು. ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ಮುದುರಿಕೊಂಡಿತು.

ನಾನೂ ಮುದುರಿಕೊಂಡಿದ್ದೆ. ಬೆತ್ತ ನನ್ನ ಕೈಯಲ್ಲೇ ಇತ್ತು, ಆದರೂ ಆ ಸದ್ದಿಗೆ ನಾನು ಕೆಳಗೆ ಕೂತು ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡಿದ್ದೆ. ಸೀರೆ ಮೊಣಕಾಲಿನವರೆಗೆ ಸರಿದಿತ್ತು.

"ಕಾಲ ಮೇಲೆ ಏನೇ ಅದು?" ಎಂದಳು ಅಕ್ಕ. ಹತ್ತಿರ ಬಂದು ನೋಡಿದಳು. ಹಳೆಯ ಗಾಯಗಳು, ಹೊಸವು, ಎಲ್ಲವೂ ಹಲ್ಲಿನವೇ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಕೂತಲ್ಲೇ ಹೇಳಿದೆ. ನನ್ನ ಗಂಡ ನನ್ನನ್ನು ಹೊಸ್ತಿಲ ಮೇಲೆ ನಿಲ್ಲಿಸಿಯೇ ಅದಕ್ಕೆ ಕಲಿಸಿದ್ದರು. ನಾನು ದಾಟಿದರೆ ಹಿಡಿಯಬೇಕು. ಯಾರಾದರೂ ದಾಟಿಸಿದರೆ ಅವರನ್ನು ಹಿಡಿಯಬೇಕು. ನಾನು ಕಾಲು ಹಿಂದಕ್ಕೆ ತೆಗೆದರೆ ಬಿಡಬೇಕು. ಬೆತ್ತದ ಸದ್ದಾದರೂ ಬಿಡಬೇಕು, ಆಗ ನಾನು ಅವರ ಜೊತೆ ಹೊರಗೆ ಹೋಗಬಹುದು. ಅದು ಮರೆತಾಗ ಏಟು ಅದಕ್ಕೆ, ನಾನು ಮರೆತಾಗ ನನಗೆ. ಸರಿಯಾಗಿ ಮಾಡಿದ ದಿನ ಅದಕ್ಕೆ ಬೆಲ್ಲ ಕೊಡುತ್ತಿದ್ದರು. ಕೆಲವು ದಿನ ನನಗೂ.

ಭಾವನ ಹಾರೆ ಮೆಲ್ಲಗೆ ಕೆಳಗಿಳಿಯಿತು. ಅವರು ಚೌಕಟ್ಟಿನ ತಗ್ಗುಗಳನ್ನು ನೋಡಿದರು, ಆಮೇಲೆ ನೆಲ ನೋಡಿದರು.

"ನನಗೆ ಗೊತ್ತಿರಲಿಲ್ಲ" ಎಂದರು.

ಯಾರೂ ಅವರನ್ನು ಕೇಳಿರಲಿಲ್ಲ.

ದಸ್ತಗೀರ್ ಗೋಡೆಗೆ ಒರಗಿ ಕೂತಿದ್ದರು. ಅಕ್ಕ ಅವರ ಕೈಗೆ ಟವೆಲ್ ಬಿಗಿದಳು. ಅವರ ತುಟಿ ಬೆಳ್ಳಗಾಗಿತ್ತು.

"ಇಂಜೆಕ್ಷನ್ ಗಿಂಜೆಕ್ಷನ್ ಏನೂ ಬೇಡ ಸ್ವಾಮಿ" ಎಂದರು ಅವರು. "ಗಾಯ ಮಾಗಲಿ, ದಿನಾ ಬರ್ತೀನಿ. ತಾಯಿ, ಆ ಬೆತ್ತ ಒಲೆಗೆ ಹಾಕಿ."

"ಹಾಕಿದರೆ ಅದು ಬಿಡುವುದು ಹೇಗೆ?"

"ನೀವು ಹೇಳಿದ್ರೆ ಬಿಡೋ ಹಾಗೆ ಕಲಿಸೋಣ." ಅವರು ಉಸಿರು ಎಳೆದುಕೊಂಡರು. "ಈಗ ಹೇಗೂ ಹೊಡೆದಿದ್ದೀರಿ. ದಾಟಿ ನೋಡಿ."

ನಾನು ಎದ್ದೆ. ಅಕ್ಕ ಕೈ ಚಾಚಿದಳು, ಆಮೇಲೆ ತಾನೇ ಹಿಂದಕ್ಕೆ ತೆಗೆದುಕೊಂಡಳು. ಹೊಸ್ತಿಲು ದಾಟಿದೆ. ಹಮ್ಮೀರ ಅಲುಗಲಿಲ್ಲ. ಅಂಗಳ ದಾಟಿದೆ. ಹಿಂದೆ ಅದರ ಉಗುರುಗಳ ಸದ್ದಾಯಿತು. ತಿರುಗಿ ನೋಡಲಿಲ್ಲ.

ಗೇಟಿನ ಅಗುಳಿ ತೆಗೆದೇ ಇತ್ತು. ನಾನು ನಿಂತೆ. ಹಮ್ಮೀರ ಮುರಿದ ಪಕ್ಕೆಯನ್ನು ಎಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಿತು. ಬೀದಿಯ ತುಂಬ ಬಿಸಿಲಿತ್ತು, ಯಾರೂ ಇರಲಿಲ್ಲ. ನಾವಿಬ್ಬರೂ ಬೀದಿಗೆ ಮುಖ ಮಾಡಿ ನಿಂತಿದ್ದೆವು. ಇಬ್ಬರ ಕಿವಿ ಮಾತ್ರ ಹಿಂದೆ, ಬೆತ್ತದ ಸದ್ದಿಗಾಗಿ ಬಾಗಿಲ ಚೌಕಟ್ಟಿನ ಕಡೆಗೆ ಇತ್ತು.